ಅಲುಗಾಡಿದ್ದು ಯಾರು

ನನ್ನ ಗಂಡ ಮಾಳಿಂಗ ಸಿಂದಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟು ಹದಿನೈದು ವರ್ಷವಾಯಿತು. ಹೆಸರು ಹಿಡಿದು ಹೇಳುವುದು ಇದೊಂದೇ ಸಲ, ಇನ್ನು ಮುಂದೆ ‘ಇವರು’ ಅಂದರೆ ಅವರೇ. ಮದುವೆಮನೆಯಲ್ಲಿ ಲೈಟು ಹಿಡಿಯುವವಳು ನಾನಾದ್ದರಿಂದ ಇವರ ಬಗ್ಗೆ ಮಾತಾಡುವ ಹಕ್ಕು ನನಗೆ ಪೂರ್ತಿ ಇದೆ. ಮನುಷ್ಯ ಒಳ್ಳೆಯವರು. ಆದರೆ ಮನೆಯೊಳಗೆ ತೆಗೆದ ಫೋಟೋ ಕೂದಲೆಳೆಯಷ್ಟು ಮಸುಕಾದರೂ ಎರಡು ದಿನ ಊಟ ಸೇರುವುದಿಲ್ಲ. ಉಪ್ಪಿಲ್ಲದ ಸಾರನ್ನು ಸುಮ್ಮನೆ ಉಂಡೇಳುವವರಿಗೆ ಇದೆಂಥ ನಾಜೂಕು, ನೀವೇ ಹೇಳಿ!

ಕಾರಣ ಇಲ್ಲದಿಲ್ಲ. ನಮ್ಮತ್ತೆ ಸುಂದರವ್ವ ತೀರಿಕೊಳ್ಳುವ ಮುಂಚೆ ಇವರು ಅವರದೊಂದು ಫೋಟೋ ತೆಗೆದಿದ್ದರು. ಫ್ಲ್ಯಾಶ್ ಕೆಟ್ಟಿತ್ತು, ಕ್ಯಾಮೆರಾ ಕೈಯಲ್ಲೇ ಹಿಡಿದಿದ್ದರು. ಫೋಟೋದಲ್ಲಿ ಅತ್ತೆಗೆ ಎರಡು ಮೂಗು. ಅವರದು ಬೇರೆ ಫೋಟೋನೇ ಇಲ್ಲ. ಯಾರು ಕೇಳಿದರೂ ಇವರದು ಒಂದೇ ಉತ್ತರ: "ಅವ್ವ ಅಲುಗಾಡಿದ್ಲು." ನಾನು ಅಲ್ಲೇ ಇದ್ದೆ, ಅತ್ತೆ ಕಂಬದ ಹಾಗೆ ಕೂತಿದ್ದರು. ಆದರೆ ತಾಯಿ ಹೋದ ಸಂಕಟದಲ್ಲಿದ್ದಾರೆಂದು ಬಾಯಿ ಮುಚ್ಚಿಕೊಂಡೆ. ಇನ್ನೊಬ್ಬರ ತಾಯಿಯ ಫೋಟೋ ಮಾತ್ರ ಎಂದೂ ಮಸುಕಾಗಬಾರದು ಅನ್ನುವುದು ಅಂದಿನಿಂದ ಇವರ ಹಟ.

ಕಳೆದ ತಿಂಗಳು ಮನಗೂಳಿಯ ಜಯತೀರ್ಥ ಮಾಸ್ತರರು ಕರೆಸಿದರು. ಅವರ ತಾಯಿ ತುಳಸೀಬಾಯಿಗೆ ಎಂಬತ್ತು ತುಂಬಿತ್ತು, ಒಂದು ಒಳ್ಳೆಯ ಫೋಟೋ ಬೇಕಿತ್ತು. ಅಂಗಳದ ಬಿಸಿಲಲ್ಲಿ ಕುರ್ಚಿ ಹಾಕಿದ್ದರು. ಮುದುಕಿ ಬರಲೇ ಇಲ್ಲ.

"ಅರವತ್ತು ವರ್ಷ ಈ ಒಲಿ ಮುಂದ ಕಳದೀನಿ. ತಗದ್ರ ಇಲ್ಲೇ ತಗಿ. ಹೊರಗ ಕುರ್ಚಿ ಮ್ಯಾಲ ಕೂಡೋ ಮುದುಕಿ ನಾ ಅಲ್ಲ," ಎಂದು ಒಳಗಿನಿಂದಲೇ ಕೂಗಿದರು.

ಒಳಗೆಂದರೆ ಮಡಿ ಅಡುಗೆಮನೆ, ನಾವು ಕಾಲಿಡುವಂತಿಲ್ಲ. ಅಂಗೈಯಗಲದ ಕಿಟಕಿ, ಹೊಗೆ ಹಿಡಿದ ಬಲ್ಬು. ಮುದುಕಿ ಕಣ್ಣಿನ ಪೊರೆ ತೆಗೆಸಿದ್ದರಿಂದ ಫ್ಲ್ಯಾಶಾಗಲಿ ನನ್ನ ಲೈಟಾಗಲಿ ಕೂಡದು. ಇವರು ಅಡುಗೆಮನೆಯ ಬಾಗಿಲ ಹೊರಗೇ ಸ್ಟ್ಯಾಂಡು ನಿಲ್ಲಿಸಿ ಲೆನ್ಸ್ ಪೂರ್ತಿ ತೆರೆದರು. ಇದ್ದಷ್ಟೇ ಬೆಳಕನ್ನು ಹೆಚ್ಚು ಹೀರಲೆಂದು ಐಎಸ್ಒ ಏರಿಸಿದರೆ ಮುಖದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ, ಹಾಗಾಗಿ ಶಟರನ್ನೇ ಅರ್ಧ ಸೆಕೆಂಡು ತೆರೆದಿಡಬೇಕು. ಅಷ್ಟು ಹೊತ್ತು ಎದುರಿಗಿದ್ದವರು ಕದಲಬಾರದು.

"ಅಮ್ಮಾರ, ಅರ್ಧ ಸೆಕೆಂಡ್ ಸುಮ್ಮ ಕೂಡ್ರಿ."

"ಕೂತೇ ಇದ್ದೀನಲ್ಲೋ ತಮ್ಮಾ!"

ಮಾತಾಡಿಬಿಟ್ಟರಲ್ಲ, ಆ ಫೋಟೋದಲ್ಲಿ ತುಟಿ ಇಲ್ಲ. ಮುಂದಿನದಕ್ಕೆ ಸಾರು ಕದಡಿದರು, ಕೈ ಮಾಯ. ಆಮೇಲೆ ಸ್ತೋತ್ರ ಶುರುವಾಯಿತು, ಆಮೇಲೆ ನೊಣ ಬಂತು. ಮೂವತ್ತು ಫೋಟೋ ಆದರೂ ಒಂದರಲ್ಲೂ ಇಡೀ ತುಳಸೀಬಾಯಿ ಸಿಗಲಿಲ್ಲ. ಇವರು ಬೆವೆತು ಹೋದರು.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಅತ್ತೆ ಸೊಸೆಯರ ದನಿ ಏರಿತು. ಮುದುಕಿ ಅತ್ತ ಕಿವಿಗೊಟ್ಟು ಸೌಟು ಹಿಡಿದಲ್ಲೇ ಕಲ್ಲಾದರು. ಉಸಿರೂ ಇಲ್ಲ! ಇವರು ಫೋಕಸ್ ಮಾಡುವುದರೊಳಗೆ ಆ ಹಾಳಾದ ಸೊಸೆ ಸೋತು ಒಳಗೆ ಹೋಗಿಬಿಟ್ಟಳು.

ಇವರು ನನ್ನ ಕಿವಿಯಲ್ಲಿ, "ಸುರೇಖಾ, ನನ್ನ ಕೂಡ ಜಗಳಾ ತಗಿ," ಎಂದರು. ಇದನ್ನೂ ಹೇಳಿಕೊಡಬೇಕೆ!

"ಏನ್ರಿ, ಮುಂಜಾನಿಂದ ಒಂದು ಕಪ್ ಚಾ ಸೈತ ಕುಡಿಸಿಲ್ಲ ನೀವು!"

ಮುದುಕಿ ಒಮ್ಮೆ ಇತ್ತ ನೋಡಿ ಮತ್ತೆ ಸೌಟು ತಿರುವಿದರು. ಸುಳ್ಳು ಜಗಳಕ್ಕೆ ಮೋಸಹೋಗುವ ಪೈಕಿ ಅಲ್ಲ ಅವರು. ಆಗ ಇವರು, "ನಿನ್ನ ತಮ್ಮ ನನ್ನ ಹೆಲ್ಮೆಟ್ ಒಯ್ದು ಕಳದಾನ, ಅದನ್ಯಾಕ ಹೇಳವಲ್ಲಿ?" ಎಂದುಬಿಟ್ಟರು.

ನನ್ನ ತವರಿನ ಸುದ್ದಿಗೆ ಬಂದರೆ ನಾನು ಯಾರಪ್ಪನಿಗೂ ಹೆದರುವವಳಲ್ಲ.

"ಹೆಲ್ಮೆಟ್ ಹಿಪ್ಪರಗಿ ಸಂತ್ಯಾಗ ಮರತ ಬಂದಾವ್ರು ನೀವು! ನಿಮ್ಮ ತಪ್ಪ ಮಂದಿ ಮ್ಯಾಲ ಹಾಕೋದು ನಿಮಗೇನ ಹೊಸಾದ ಬಿಡ್ರಿ. ಅತ್ತಿ ಅಲುಗಾಡಿದ್ಲಂತ! ಎಲ್ಲಿ ಅಲುಗಾಡಿದ್ಲು? ನಿಮ್ಮ ಕೈ ನಡಗಿತ್ತು. ಸತ್ತಾಕಿ ಮ್ಯಾಲ ಹತ್ತು ವರ್ಷ ಸುಳ್ಳ ಹೇಳಾಕತ್ತೀರಿ!"

ಮುದುಕಿಯ ಸೌಟು ಮತ್ತೆ ನಿಂತಿತು. ಕ್ಲಿಕ್ ಎಂದಿತು. ಆಡಿದ ಮೇಲೆ ನನಗೇ ನಾಚಿಕೆಯಾಗಿ ಕ್ಯಾಮೆರಾದೊಳಗೆ ಬಗ್ಗಿ ನೋಡಿದೆ. ಮುದುಕಿಯ ಹುಬ್ಬಿನ ಒಂದೊಂದು ಬಿಳಿ ಕೂದಲನ್ನೂ ಎಣಿಸಬಹುದಿತ್ತು.

ತುಳಸೀಬಾಯಿ ಫೋಟೋ ತೋರಿಸು ಎನ್ನಲಿಲ್ಲ. ಸೌಟು ಕೆಳಗಿಟ್ಟು ಬಾಗಿಲ ತನಕ ಬಂದರು.

"ಯಾಕ ನಡಗಿತ್ತೋ ತಮ್ಮಾ?"

ಇವರು ತಲೆ ಎತ್ತಲಿಲ್ಲ. "ಅವತ್ತ ಮುಂಜಾನಿ ಡಾಕ್ಟರು ರಿಪೋರ್ಟ್ ನನ್ನ ಕೈಯಾಗ ಕೊಟ್ಟಿದ್ರಿ. ಇನ್ನ ತಿಂಗಳಾ ಎರಡ ತಿಂಗಳಾ ಅಂದಿದ್ರು. ಅವ್ವಗ ನಾ ಹೇಳಿದ್ದಿಲ್ಲ. ಆಕಿ ಹೊಸಾ ಸೀರಿ ಉಟಗೊಂಡು, ಛಂದ ತಗಿಯೋ ಮಗನ ಅಂತ ನಕ್ಕೋತ ಕೂತಿದ್ಲು."

ಈ ಮಾತು ನನಗೂ ಹೇಳಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ನಿಂತು ಲೈಟು ಹಿಡಿದ ನನಗೆ ಅಲ್ಲೇ ಅಳು ಬಂತು.

ಮುದುಕಿ ಈಚೆ ಬಂದು ಇವರ ಎರಡೂ ಕೈ ಹಿಡಿದುಕೊಂಡರು. ಅಂಗಳದಿಂದ ಮಾಸ್ತರರು ಗಾಬರಿಯಾಗಿ, "ಅಮ್ಮಾ, ಮಡಿಯೊಳಗಿದ್ದೀ!" ಎಂದು ಕೂಗಿದರು.

"ಗೊತ್ತದ, ಸುಮ್ನಿರು," ಎಂದರು ತುಳಸೀಬಾಯಿ, ಕೈ ಬಿಡದೆ. "ಮತ್ತ ಸ್ನಾನಾ ಮಾಡ್ತೀನಿ. ಹೋಗಿ ನೀರು ಕಾಯಲಿಕ್ಕೆ ಇಡು."