ಮೂರು ಅಡಿಗಲ್ಲು ತೋರಿಸುತ್ತಿದ್ದ ಮೇಷ್ಟ್ರು

ಪಾರ್ಕ್‌ಲ್ಯಾಂಡ್ಸ್‌ನ ಲಕ್ಷ್ಮೀಶ ಮೇಷ್ಟ್ರ ಮನೆಗೆ ಯಾರಾದರೂ ಹೊಸಬರು ಬಂದರೆ ಅವರಿಗೆ ಮೊದಲು ಕಾಫಿ, ಆಮೇಲೆ ಕಲ್ಲು. ಕಾಫಿ ಹೆಂಡತಿ ವತ್ಸಲಾ ಅವರ ಪಾಲು, ಕಲ್ಲು ಮೇಷ್ಟ್ರದು. ಅತಿಥಿ ಲೋಟ ಕೆಳಗಿಟ್ಟದ್ದೇ ತಡ, ಈ ದೇಶ ಹೇಗೆ ನಡೆಯುತ್ತದೆ ತೋರಿಸುತ್ತೇನೆ ಬನ್ನಿ ಎಂದು ಎಬ್ಬಿಸಿಕೊಂಡು ಹೋಗಿ, ಹಿಂದಿನ ರಸ್ತೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಗೇಟಿನ ಒಳಗೆ ನಿಲ್ಲಿಸುತ್ತಿದ್ದರು. ಅಲ್ಲಿ ಸಾಲಾಗಿ ಮೂರು ಅಡಿಗಲ್ಲುಗಳು. ಮೂರೂ ಒಂದೇ ಕಟ್ಟಡಕ್ಕೆ ಸೇರಿದವು. ಒಂದೊಂದು ಚುನಾವಣೆಗೂ ಮುಂಚೆ ಒಬ್ಬೊಬ್ಬರಂತೆ ಮೂವರು ದೊಡ್ಡ ಮನುಷ್ಯರು ಬಂದು ಪರದೆ ಸರಿಸಿ, ಚಪ್ಪಾಳೆ ಹೊಡೆಸಿಕೊಂಡು, ಕಾರು ಹತ್ತಿ ಹೋಗಿದ್ದರು. ಕಟ್ಟಡ ಮಾತ್ರ ಬಂದಿರಲಿಲ್ಲ. ಕಲ್ಲುಗಳ ಹಿಂದೆ ಶಾಲೆಯ ಆಯಾ, ಇಲ್ಲಿನವರು ದಿನವೂ ತಿನ್ನುವ ಸುಕುಮಾ ಎಂಬ ಸೊಪ್ಪನ್ನು ಬೆಳೆದುಕೊಂಡಿದ್ದಳು.

"ಈ ಸೊಪ್ಪೊಂದೇ ನೋಡಿ ಇಲ್ಲಿ ಸರ್ಕಾರದ ಖರ್ಚಿಲ್ಲದೆ ಬೆಳೆದಿರೋದು. ಅದಕ್ಕೇ ಬೆಳೆದಿದೆ" ಎಂದು ಮೇಷ್ಟ್ರು ಹೇಳಿದಾಗ ಅತಿಥಿಗಳು ನಗಲೇಬೇಕಾಗಿತ್ತು. ನಗದವರಿಗೆ ಇನ್ನೊಮ್ಮೆ ಹೇಳುತ್ತಿದ್ದರು.

ಮೇಷ್ಟ್ರು ಮೈಸೂರಿನವರು. ಎಂಬತ್ತೈದರಲ್ಲಿ ಕಡಲು ದಾಟಿ ಇಲ್ಲಿನ ಸರ್ಕಾರಿ ಹೈಸ್ಕೂಲಿಗೆ ಭೌತಶಾಸ್ತ್ರ ಕಲಿಸಲು ಕರಾರಿನ ಮೇಲೆ ಬಂದರು. ಹನ್ನೆರಡು ವರ್ಷ ಸರ್ಕಾರದ ಸಂಬಳ, ಸರ್ಕಾರದ ಮನೆ. ಆಮೇಲೆ ಸ್ವಂತ ಟ್ಯೂಷನ್ ಶುರುಮಾಡಿ, ಮೂರನೇ ಮಹಡಿಯಲ್ಲಿ ಒಂದು ಫ್ಲ್ಯಾಟು ಕೊಂಡು, ಅದರ ಜೊತೆಗೇ ಒಂದು ಸಿದ್ಧಾಂತವನ್ನೂ ಕೊಂಡರು. ಸರ್ಕಾರ ಎನ್ನುವುದು ಎದ್ದು ಹೊಲ ಮೇಯುವ ಬೇಲಿ, ಅದಕ್ಕೆ ನೀರೆರೆಯುವವನು ಮೂರ್ಖ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಹೆಸರು ಅಚ್ಚು ಹಾಕಿಸಿದ ಟೋಪಿ, ಒಬ್ಬ ಅಧಿಕಾರಿಯ ಹಿಂದೆ ಐದು ಕಾರು, ಇವನ್ನು ಕಂಡರೆ ಅವರ ತುಟಿ ಒಂದು ಕಡೆಗೆ ವಕ್ರವಾಗುತ್ತಿತ್ತು. ಸುಳ್ಳು ಹೇಳಬಾರದು, ಇದರಲ್ಲಿ ಮುಕ್ಕಾಲು ಪಾಲು ನ್ಯಾಯವಾದ ತಾತ್ಸಾರವೇ. ಮಿಕ್ಕ ಕಾಲು ಪಾಲಿನ ಕಥೆ ಇದು.

ತಾನು ಕೊಡುವುದಿಲ್ಲ ಎಂದೇನೂ ಅವರು ಹೇಳುತ್ತಿರಲಿಲ್ಲ. ಕೊಟ್ಟರೆ ಕೈಯಾರೆ ಕೊಡುತ್ತೇನೆ, ಕಸಿಯಲು ಬಿಡುವುದಿಲ್ಲ ಎನ್ನುವುದು ಅವರ ಹಟ. ಊರವರೆಲ್ಲ ಸೇರಿ ಒಂದು ಕೆಲಸಕ್ಕೆ ಕೈಲಾದ್ದನ್ನು ಕೊಡುವ ಹರಾಂಬೆ ಎಂಬ ಪದ್ಧತಿ ಈ ದೇಶದಲ್ಲಿ ಹಳೆಯದು. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಆ ಶಾಲೆಯ ಹರಾಂಬೆಗೆ ಮೇಷ್ಟ್ರು ಪ್ರತಿ ಜನವರಿಯಲ್ಲೂ ಡೆಸ್ಕುಗಳನ್ನು ಕೊಡುತ್ತಿದ್ದರು. ಡೆಸ್ಕಿನ ಬೆನ್ನಿಗೆ 'ಲಕ್ಷ್ಮೀಶ ಕುಟುಂಬದ ಕೊಡುಗೆ' ಎಂದು ಬಿಳಿ ಬಣ್ಣದಲ್ಲಿ ತಾವೇ ಬರೆಯುತ್ತಿದ್ದರು. ಬೋರ್ಡಿನ ಮೇಲೆ ಬರೆದು ಪಳಗಿದ ಕೈ, ಅಕ್ಷರ ಮುತ್ತಿನಂತಿರುತ್ತಿತ್ತು.

ಹೀಗಿರುವಾಗ ವಲಯ ಶಿಕ್ಷಣ ಮಂಡಳಿ ಎಂಬುದೊಂದು ಹೊಸದಾಗಿ ಹುಟ್ಟಿಕೊಂಡು, ಆ ವಲಯದ ಮನೆ ಅಂಗಡಿಗಳ ಮಾಲೀಕರೆಲ್ಲ ವರ್ಷಕ್ಕೊಮ್ಮೆ ಶಾಲಾ ತೆರಿಗೆ ಕಟ್ಟಬೇಕೆಂದು ಪ್ರಕಟಣೆ ಹೊರಡಿಸಿತು. ಆ ದುಡ್ಡಿನಲ್ಲಿ ತರಗತಿ ಕೋಣೆ, ಶೌಚಾಲಯ, ಇನ್ನಿಬ್ಬರು ಟೀಚರು. ಕಾಗದ ಹಿಡಿದುಕೊಂಡು ಓಡಿ ಬಂದವನು ಪ್ರಕಾಶ್, ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಬೆಂಗಳೂರಿನಿಂದ ಬ್ಯಾಂಕಿನ ಕೆಲಸದ ಮೇಲೆ ಬಂದು ಮೂರು ವರ್ಷವಾಗಿತ್ತು. ಅವನದು ಬಾಡಿಗೆ ಫ್ಲ್ಯಾಟು, ಬಾಡಿಗೆಯನ್ನೂ ಬ್ಯಾಂಕೇ ಕಟ್ಟುತ್ತಿತ್ತು. ಒಂದು ಶಿಲ್ಲಿಂಗೂ ತಟ್ಟದ ತೆರಿಗೆಯ ಮೇಲೆ ಅವನಿಗಿದ್ದಷ್ಟು ಸಿಟ್ಟು ತಟ್ಟುವವರಿಗೂ ಇರಲಿಲ್ಲ.

"ನನ್ನ ತಲೆ ಮೇಲೆ ನಾಲ್ಕನೇ ಕಲ್ಲು ಇಡೋಕೆ ಹೊರಟಿದ್ದಾರೆ" ಎಂದರು ಮೇಷ್ಟ್ರು. ಅವತ್ತಿನಿಂದ ಅವರಿಗೆ ಹತ್ತು ವರ್ಷ ವಯಸ್ಸು ಇಳಿದಂತಾಯಿತು. ಮನವಿ ಬರೆದರು. ಮಂಡಿ ನೋವನ್ನೂ ಮರೆತು ಹನ್ನೊಂದು ಕಟ್ಟಡಗಳ ಮೆಟ್ಟಿಲು ಹತ್ತಿ ಸಹಿ ಹಾಕಿಸಿದರು. ಗುಜರಾತಿ ಅಂಗಡಿಯವರು, ಮಂಗಳೂರಿನ ಡಾಕ್ಟರು, ಮಠದ ಭಟ್ಟರು, ಯಾರನ್ನೂ ಬಿಡಲಿಲ್ಲ. ಈ ತೆರಿಗೆ ಬಂದರೆ ತಾನು ಇಷ್ಟು ವರ್ಷ ಆಡಿದ್ದೆಲ್ಲ ಬರೀ ಮಾತಾಯಿತು, ಕೈಯಾರೆ ಕೊಡುವ ತಾನೂ ಕಸಿಸಿಕೊಳ್ಳುವವರ ಸಾಲಿಗೆ ಸೇರಿದೆ, ಎಂಬುದೇ ಅವರನ್ನು ಕೊರೆಯುತ್ತಿದ್ದದ್ದು.

ವತ್ಸಲಾ ಅವರು ಸೊಪ್ಪು ಬಿಡಿಸುತ್ತಾ ಒಂದು ಸಂಜೆ ಕೇಳಿದರು: "ಅಲ್ಲಾ, ನಿಮ್ಮನ್ನ ಇಲ್ಲಿಗೆ ಕರೆಸಿ ಹನ್ನೆರಡು ವರ್ಷ ಸಂಬಳ ಕೊಟ್ಟಿದ್ದು ಯಾರ ತೆರಿಗೆ ದುಡ್ಡು?"

"ನಾನು ಪಾಠ ಮಾಡ್ದೆ ಕಣೇ. ಕಲ್ಲು ನೆಡ್ಲಿಲ್ಲ."

ಆಕೆ ಇನ್ನೊಂದು ಕಂತೆ ಸೊಪ್ಪು ಎತ್ತಿಕೊಂಡರು. ಆಕೆಯೂ ಒಂದಾನೊಂದು ಕಾಲದಲ್ಲಿ ವಾದ ಮಾಡುತ್ತಿದ್ದವರೇ. ನಲವತ್ತು ವರ್ಷದ ಸಂಸಾರದಲ್ಲಿ ಕಾಯುವುದನ್ನು ಕಲಿತಿದ್ದರು.

ತೆರಿಗೆ ಹಾಕುವ ಮುಂಚೆ ಜನರ ಅಭಿಪ್ರಾಯ ಕೇಳಬೇಕೆಂದು ಇಲ್ಲಿ ಕಾನೂನು. ಒಂದು ಶನಿವಾರ ಬೆಳಿಗ್ಗೆ ಶಾಲೆಯ ಬಯಲಿನಲ್ಲೇ ಸಭೆ ಸೇರಿತು. ಶಾಮಿಯಾನ ಇತ್ತು, ಪ್ಲಾಸ್ಟಿಕ್ ಕುರ್ಚಿ ಇತ್ತು, ಬಂದವರಿಗೆಲ್ಲ ಸೋಡಾ ಮತ್ತು ಬ್ರೆಡ್ಡು ಇತ್ತು. ಮಂಡಳಿಯ ಅಧಿಕಾರಿ ಮುಕ್ಕಾಲು ಗಂಟೆ ಮಾತಾಡಿದ. ದೂರದೃಷ್ಟಿ ಎಂಬ ಪದ ಎಷ್ಟು ಸಲ ಬಂತೆಂದರೆ, ಹತ್ತಿರದಲ್ಲಿದ್ದ ಮೂರು ಕಲ್ಲು ಅವನಿಗೆ ಕಾಣದಿದ್ದದ್ದು ಆಶ್ಚರ್ಯವಲ್ಲ. ಆಮೇಲೆ ಹಳೆಯ ಕೋಟು ತೊಟ್ಟಿದ್ದ ಮೇಷ್ಟ್ರು ಎದ್ದರು. ಕ್ಲಾಸಿನಲ್ಲಿ ಕಲಿತ ಸ್ವಾಹಿಲಿಯಲ್ಲಿ, ದಯವಿಟ್ಟು ಬಂದು ಈ ಮೂರು ಕಲ್ಲುಗಳನ್ನು ಗಟ್ಟಿಯಾಗಿ ಓದಿ ಹೇಳಿ ಎಂದು ಅಧಿಕಾರಿಯನ್ನು ಕೇಳಿದರು. ಸಭೆಯೇ ನಕ್ಕಿತು. ಸೋಡಾ ಹಂಚುತ್ತಿದ್ದವನೂ ನಕ್ಕ. ಅಧಿಕಾರಿ ಕಡತದೊಳಗೆ ಮುಖ ಹುದುಗಿಸಿದ. ಮೇಷ್ಟ್ರ ಜೀವಮಾನದಲ್ಲಿ ಅಂಥ ಗಳಿಗೆ ಇನ್ನೊಂದು ಬಂದಿರಲಿಲ್ಲ.

ಆಗ ಮುಖ್ಯೋಪಾಧ್ಯಾಯಿನಿ ಅಚಿಯೆಂಗ್ ಎದ್ದು ನಿಂತರು. ಐವತ್ತರ ಹೆಂಗಸು, ಎತ್ತರದ ದನಿಯಲ್ಲಿ ಮಾತಾಡುವವರಲ್ಲ.

"ಮ್ವಾಲಿಮು," ಎಂದರು, ಮೇಷ್ಟ್ರನ್ನು ಇಲ್ಲಿನವರೆಲ್ಲ ತಮ್ಮ ಭಾಷೆಯಲ್ಲಿ ಮೇಷ್ಟ್ರೇ ಎಂದು ಕರೆಯುವುದು ಹಾಗೆಯೇ. "ಕಲ್ಲಿನ ವಿಷಯ ನೀವು ಹೇಳಿದ್ದು ನಿಜ. ಆದರೆ ನನ್ನ ಶಾಲೆಗೆ ಡೆಸ್ಕು ಕೊಡಲು ಎಲ್ಲರೂ ಬರುತ್ತಾರೆ. ಶೌಚಾಲಯದ ಗುಂಡಿಗೆ ಕೊಡಿ ಅಂದರೆ ಯಾರೂ ಬರುವುದಿಲ್ಲ. ಗುಂಡಿಯ ಮೇಲೆ ಹೆಸರು ಬರೆಯಲು ಜಾಗ ಇಲ್ಲ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಪ್ರಕಾಶ್, ಶೌಚಾಲಯ ಕಟ್ಟುವುದು ಸರ್ಕಾರದ ಕೆಲಸ ಎಂದು ಕೂಗಿದ. ಅದಕ್ಕಾಗಿಯೇ ಈ ತೆರಿಗೆ ಕೇಳುತ್ತಿರುವುದು ಎಂದು ಹೇಳಿ ಆಕೆ ಕೂತುಬಿಟ್ಟರು. ಮೇಷ್ಟ್ರಿಗೆ ಎಲ್ಲೋ ಚುರ್ರೆಂದಿತು. ಸರ್ಕಾರದ ಸಂಬಳ ತಿನ್ನುವವಳು, ಇನ್ನೇನು ಹೇಳಿಯಾಳು ಎಂದು ಅದನ್ನು ಅಲ್ಲಿಗೇ ಅದುಮಿ, ಮುಂದೆ ಹೋಗಿ ಮನವಿಯನ್ನು ಅಧಿಕಾರಿಯ ಕೈಗಿತ್ತರು.

ಎರಡು ತಿಂಗಳಿಗೆ ಮಂಡಳಿ ತೆರಿಗೆಯನ್ನು ಕೈಬಿಟ್ಟಿತು. ಸಂಘದವರು ಮೇಷ್ಟ್ರ ಮನೆಯಲ್ಲೇ ಸೇರಿ ಕೇಸರಿಬಾತು ತಿಂದರು. ತೆರಿಗೆ ತಪ್ಪಿದ ಖುಷಿಗೆ ಎಲ್ಲರ ಮನಸ್ಸೂ ಹಿಗ್ಗಿತ್ತು. ನಾವು ಜಿಪುಣರಲ್ಲ ಅಂತ ತೋರಿಸಬೇಕು, ಸಂಘದಿಂದ ಆ ಶಾಲೆಗೆ ನಲವತ್ತು ಡೆಸ್ಕು ಕೊಡೋಣ ಎಂದ ಪ್ರಕಾಶ್. ಅಚಿಯೆಂಗ್ ಅವರನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಸಭೆಯಲ್ಲಿ ಆಕೆ ಆಡಿದ ಮಾತು ನೆನಪಾದದ್ದು ಮೇಷ್ಟ್ರಿಗೊಬ್ಬರಿಗೆ. "ಡೆಸ್ಕ್ ಬದಲು ಟಾಯ್ಲೆಟ್ ಕಟ್ಸಿದ್ರೆ ಹೇಗೆ?" ಎಂದು ಮೆಲ್ಲಗೆ ಅಂದು ನೋಡಿದರು.

"ಸಾರ್, ಟಾಯ್ಲೆಟ್ ಫೋಟೋ ಗ್ರೂಪಿಗೆ ಹಾಕಕ್ಕಾಗುತ್ತಾ?" ಎಂದ ಪ್ರಕಾಶ್.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಧಿಕಾರಿಯ ಎದುರು ಎದೆ ಸೆಟೆಸಿ ನಿಂತಿದ್ದ ಮೇಷ್ಟ್ರು ಈ ಹುಡುಗಾಟಿಕೆಯ ಎದುರು ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಅವರೂ ನಕ್ಕರು. ಡೆಸ್ಕು ಹಸ್ತಾಂತರಿಸಲು ನೀವೇ ಬರಬೇಕು ಸಾರ್ ಎಂದಾಗ ಒಪ್ಪಿಯೂಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವತ್ಸಲಾ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದುಕೊಂಡು ಖಾಲಿ ತಟ್ಟೆಗಳನ್ನು ಒಳಗೆ ಒಯ್ದರು.

ಆ ದಿನ ಶಾಲೆಯ ಬಯಲಿಗೆ ಹೋದರೆ ಅದೇ ಶಾಮಿಯಾನ, ಅವೇ ಕುರ್ಚಿ. ಈ ಸಲ ಸಂಘದವರ ಖರ್ಚು, ಅಷ್ಟೇ ವ್ಯತ್ಯಾಸ. ಪ್ರಕಾಶ್ ಎಲ್ಲರಿಗೂ ಸಂಘದ ಹೆಸರಿದ್ದ ಟೋಪಿ ಹಂಚುತ್ತಿದ್ದ. ಹೊಸ ಡೆಸ್ಕುಗಳನ್ನು ಇಳಿಸುತ್ತಿದ್ದ ಕಡೆಗೆ ಮೇಷ್ಟ್ರು ಹೋದರು. ಶಾಲೆಯ ಈಗಿನ ಕಟ್ಟಡದ ಹಿಂದೆ ಟಾರ್ಪಾಲಿನ ಕೆಳಗೆ ಹಳೆಯ ಡೆಸ್ಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ತಳದಲ್ಲಿದ್ದವಕ್ಕೆ ಗೆದ್ದಲು ಹತ್ತಿ ಕಾಲು ಮುರಿದಿತ್ತು. ಬೆನ್ನ ಮೇಲೆ ಬಿಳಿ ಬಣ್ಣದ ಮುತ್ತಿನಂಥ ಅಕ್ಷರ ಮಾತ್ರ ಹಾಗೇ ಇತ್ತು.

ಇವನ್ನೇಕೆ ಹೊರಗೆ ಹಾಕಿದ್ದೀರಿ ಎಂದು ಮೇಷ್ಟ್ರು ಅಚಿಯೆಂಗ್ ಅವರನ್ನು ಕೇಳಿದರು. ಆಕೆ ಕೋಪ ಮಾಡಿಕೊಳ್ಳಲಿಲ್ಲ. "ಡೆಸ್ಕು ಹಾಕಿದರೆ ಒಂದು ಕೋಣೆಯಲ್ಲಿ ಐವತ್ತು ಮಕ್ಕಳು, ಮ್ವಾಲಿಮು. ನೆಲದ ಮೇಲೆ ಕೂರಿಸಿದರೆ ತೊಂಬತ್ತು."

ಮೇಷ್ಟ್ರು ಕಣ್ಣು ಬೇರೆ ಕಡೆ ಹೊರಳಿಸಿದರು. ಆಚೆ ಇದ್ದ ಎರಡೇ ಶೌಚಾಲಯದ ಮುಂದೆ ಹೆಣ್ಣುಮಕ್ಕಳ ಸಾಲು ಗೋಡೆ ಸುತ್ತಿಕೊಂಡು ನಿಂತಿತ್ತು. ನಾಚಿಕೆ ಎಂದರೆ ಏನೆಂದು ಅವರಿಗೆ ಎಪ್ಪತ್ತರ ಹತ್ತಿರ ತಿಳಿಯಿತು. ತಿಳಿದದ್ದನ್ನು ಏನು ಮಾಡುವುದೆಂದು ಯೋಚಿಸುವಷ್ಟರಲ್ಲಿ ಪ್ರಕಾಶ್ ಬಂದು ಕೈ ಹಿಡಿದು ಗೇಟಿನ ಕಡೆಗೆ ಎಳೆದುಕೊಂಡು ಹೋದ. ನಿಮಗೆ ಹೇಳದೆ ಒಂದು ಏರ್ಪಾಡು ಮಾಡಿದ್ದೇವೆ ಎಂದ. ಮೂರು ಕಲ್ಲುಗಳ ಪಕ್ಕದಲ್ಲಿ ಸುಕುಮಾ ಸೊಪ್ಪನ್ನು ಕಿತ್ತು ಜಾಗ ಮಾಡಿದ್ದರು. ಅಲ್ಲಿ ಏನೋ ಒಂದಕ್ಕೆ ಕೆಂಪು ಪರದೆ ಹೊದಿಸಿದ್ದರು. ಸುತ್ತಲೂ ಫೋನುಗಳು ಮೇಲೆದ್ದವು. ಬೇಡ ಅನ್ನಲು ಒಂದು ಗಳಿಗೆಯ ಅವಕಾಶವಿತ್ತು. ಮೇಷ್ಟ್ರು ಟೋಪಿ ಸರಿಮಾಡಿಕೊಂಡು ದಾರ ಎಳೆದರು. ಕರಿಯ ಗ್ರಾನೈಟಿನ ಮೇಲೆ ಚಿನ್ನದ ಅಕ್ಷರದಲ್ಲಿ ಅವರ ಹೆಸರು ಉಳಿದ ಮೂವರ ಹೆಸರಿಗಿಂತ ದೊಡ್ಡದಾಗಿತ್ತು.

ಅದಾದ ಮೇಲಿನ ಭಾನುವಾರ ಅಮೂಲ್ಯ ಎಂಬ ಹೊಸ ಡಾಕ್ಟರು ಗಂಡನೊಂದಿಗೆ ಮನೆಗೆ ಬಂದರು. ಇಬ್ಬರೂ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ. ಅಮೂಲ್ಯ ತಾನಾಗಿಯೇ ಕೇಳಿದಳು: "ಅಂಕಲ್, ನೀವು ಬಂದವ್ರಿಗೆಲ್ಲ ಯಾವುದೋ ಕಲ್ಲು ತೋರಿಸ್ತೀರಂತೆ?"

ಮಂಡಿ ನೋವು ಜಾಸ್ತಿಯಾಗಿದೆ, ಇನ್ನೊಂದು ದಿನ ನೋಡೋಣ ಎಂದರು ಮೇಷ್ಟ್ರು.

ವತ್ಸಲಾ ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡರು.

"ಬಾಮ್ಮಾ, ನಾನು ತೋರಿಸ್ತೀನಿ. ಮೊದಲು ಮೂರಿತ್ತು. ಈಗ ನಾಲ್ಕಿದೆ."