ನೆಟ್‌ವರ್ಕ್ ರೂಮಿನ ಮೇಡಂ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಪಾಲಾಗಿತ್ತು. ಕತ್ತರಿ ಹುಡುಕುವಷ್ಟು ತಾಳ್ಮೆಯಿಲ್ಲದೆ ವರ್ಷಗಟ್ಟಲೆ ವೈರಿನ ಸಿಪ್ಪೆಯನ್ನು ಉಗುರಿನಿಂದಲೇ ಸುಲಿದಿದ್ದರ ಗುರುತು ಅದು. ಕೇಬಲ್ಲಿನ ತುದಿ ಬಿಡಿಸಿ, ಎಂಟು ಬಣ್ಣದ ಎಂಟು ಎಳೆಗಳನ್ನು ಆ ಸೀಳಿನಲ್ಲಿ ಒಂದೊಂದಾಗಿ ಎಳೆದು ನೇರ ಮಾಡಿ, ಕನ್ನಡಕವನ್ನು ಹಣೆಗೇರಿಸಿಕೊಂಡು, "ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ..." ಎಂದು ಗೊಣಗುತ್ತಾ ಸಾಲಾಗಿ ಜೋಡಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿಂದ ಶುರು.

ಬಸವೇಶ್ವರನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವರು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದರು. ವಯಸ್ಸು ಐವತ್ತೈದು ದಾಟಿತ್ತು. ಅದಕ್ಕೂ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು, ನಲವತ್ತೈದರ ಮೇಲೆ ಕಂಪ್ಯೂಟರ್ ನೆಟ್‌ವರ್ಕ್ ಕಲಿತವರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನನಗೂ ಅವರು ಕೊನೆಯವರೆಗೆ ಮೇಡಂ.

ನಾನು ಗದಗದ ಕಡೆಯವಳು. ಮದುವೆಯಾಗಿ ಬಂದು ಕುರುಬರಹಳ್ಳಿಯಲ್ಲಿ ಮನೆ ಮಾಡಿದ್ದೆ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅದೇ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ರೋಗಿಗಳ ಹೆಸರು, ವಯಸ್ಸು ಟೈಪ್ ಮಾಡುವ ಕೆಲಸಕ್ಕೆ ಸೇರಿದೆ. ಒಂದು ದಿನ ನನ್ನ ಕಂಪ್ಯೂಟರ್ ನಿಂತುಹೋಯಿತು. ಮೇಡಂ ಬರುವಷ್ಟರಲ್ಲಿ ನಾನು ಮೇಜಿನ ಕೆಳಗೆ ತೂರಿ ನೋಡಿದ್ದೆ. "ಮೇಡಂ, ಕೇಬಲ್ ಹತ್ರ ಹಸಿರು ದೀಪ ಆರೇತ್ರಿ" ಎಂದೆ. ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು.

"ದೀಪ ನೋಡು ಅಂತ ಯಾರು ಹೇಳ್ಕೊಟ್ರು?"

"ಯಾರೂ ಇಲ್ರಿ. ಉಳಿದವ್ರದು ಹತ್ತಿತ್ತು, ನಂದು ಹತ್ತಿರ್ಲಿಲ್ಲ."

ಮುಂದಿನ ತಿಂಗಳು ನಾನು ನೆಟ್‌ವರ್ಕ್ ರೂಮಿನಲ್ಲಿದ್ದೆ. ಡಿಗ್ರಿಯಲ್ಲಿ ಇತಿಹಾಸ ಓದಿದವಳನ್ನು ಅಲ್ಲಿಗೆ ಹಾಕಿಸಿಕೊಳ್ಳಲು ಅವರು ಯಾರ ಜೊತೆ ಎಷ್ಟು ಜಗಳವಾಡಿದರೋ, ನನಗೆ ಹೇಳಲಿಲ್ಲ.

ನೆಲ ಅಂತಸ್ತಿನ ಮೆಟ್ಟಿಲ ಕೆಳಗಿದ್ದ ಆ ಕೋಣೆ ಸದಾ ತಣ್ಣಗಿರುತ್ತಿತ್ತು. ಗೋಡೆಗೆ ಒರಗಿ ನಿಂತ ಕಬ್ಬಿಣದ ಕಪಾಟಿನಲ್ಲಿ ಸ್ವಿಚ್ಚುಗಳು, ಅಂದರೆ ಸಾಲು ಕಿಂಡಿಗಳಲ್ಲಿ ಕೇಬಲ್ಲುಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆಗಳು. ಇಡೀ ಕಟ್ಟಡದ ಕೇಬಲ್ಲುಗಳೆಲ್ಲ ಮಹಡಿ ಮಹಡಿಯಿಂದ ಇಳಿದು ಅಲ್ಲಿಗೆ ಬಂದು ಸೇರುತ್ತಿದ್ದವು. ಮೊದಲ ವಾರ ಮೇಡಂ ನನ್ನ ಕೈಗೆ ಯಾವ ಉಪಕರಣವನ್ನೂ ಕೊಡಲಿಲ್ಲ. ಒಂದು ಖಾಲಿ ಪ್ರಿಸ್ಕ್ರಿಪ್ಷನ್ ಚೀಟಿ ಹಿಡಿದು ಕೇಳಿದರು: "ಡಾಕ್ಟ್ರು ಮೇಲೆ ಕೂತು ಮಾತ್ರೆ ಹೆಸರು ಟೈಪ್ ಮಾಡ್ತಾರೆ. ಅದು ಇಲ್ಲಿ ಕೆಳಗೆ ಫಾರ್ಮಸಿ ಸ್ಕ್ರೀನಲ್ಲಿ ಬರುತ್ತೆ. ಹೇಗೆ ಬಂತು?"

"ವೈರ್‌ನಾಗ ಬಂತ್ರಿ."

"ವೈರಿಗೆ ಮಾತ್ರೆ ಗೊತ್ತಾ?"

ಆಮೇಲೆ ಅವರು ವಿವರಿಸಿದ್ದು ಈಗಲೂ ಅವರ ದನಿಯಲ್ಲೇ ನೆನಪಿದೆ. "ಒಬ್ರೇ ಎಲ್ಲಾ ಮಾಡಲ್ಲ ಕಣಮ್ಮ. ಪದರ ಪದರ ಇದೆ. ಮೇಲಿನ ಪದರಕ್ಕೆ ಮಾತ್ರೆ, ಪೇಷೆಂಟು, ಅಷ್ಟೇ ಗೊತ್ತು. ಅದು ಹೇಳಿದ್ದನ್ನ ಅದರ ಕೆಳಗಿನದು ತುಂಡು ಮಾಡಿ ನಂಬರ್ ಹಾಕುತ್ತೆ. ಒಂದೊಂದು ತುಂಡಿಗೂ 'ಬಂತು' ಅಂತ ಆ ಕಡೆಯಿಂದ ಉತ್ತರ ಬರ್ಬೇಕು. ಬರ್ಲಿಲ್ಲಾಂದ್ರೆ ಮತ್ತೆ ಕಳಿಸುತ್ತೆ. ಅದರ ಕೆಳಗಿನದು ಕೊನೆಗೆ ಎಲ್ಲಿಗೆ ಹೋಗ್ಬೇಕು ಅನ್ನೋ ವಿಳಾಸ ಬರೆಯುತ್ತೆ. ಅದಕ್ಕೂ ಕೆಳಗಿನದು, ಸದ್ಯಕ್ಕೆ ಪಕ್ಕದಲ್ಲಿ ಯಾವ ಮೆಷೀನಿಗೆ ಕೊಡ್ಬೇಕು, ಅಷ್ಟು ಮಾತ್ರ ನೋಡುತ್ತೆ. ಕಟ್ಟಕಡೆಗೆ ವೈರು. ಅದಕ್ಕೆ ಕರೆಂಟಿನ ಏರಿಳಿತ ಬಿಟ್ರೆ ಏನೂ ಗೊತ್ತಿಲ್ಲ. ಆ ಕಡೆ ತಲುಪಿದ್ಮೇಲೆ ಕೆಳಗಿಂದ ಮೇಲಕ್ಕೆ ಒಂದೊಂದೇ ಹೊದಿಕೆ ಬಿಚ್ಕೊಂಡು ಹೋಗುತ್ತೆ."

"ಒಂದು ಪದರದಾಗ ಏನ್ ನಡದೈತಿ ಅಂತ ಇನ್ನೊಂದಕ್ಕ ಗೊತ್ತಿರಲ್ಲೇನ್ರಿ?"

"ಗೊತ್ತಿರ್ಬೇಕಾಗಿಲ್ಲ. ಅದಕ್ಕೇ ಇದು ನಡೀತಿರೋದು. ಆದ್ರೆ ಕೆಳಗಿನದು ಬಿತ್ತು ಅಂದ್ರೆ ಮೇಲಿನದೆಲ್ಲ ಬಿದ್ದಂಗೆ. ಜನ ಮೇಲಿಂದ ಬೈಕೊಂಡು ಬರ್ತಾರೆ. ನೀನು ಕೆಳಗಿಂದ ಹತ್ತು."

ಅದು ಅವರ ಮಾತು. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಯಾರು ಕಿರುಚಿಕೊಂಡು ಬಂದರೂ ಮೊದಲು ಕೇಳುತ್ತಿದ್ದುದು "ದೀಪ ಉರೀತಿದೆಯಾ?" ಎಂದು. ಲಿಫ್ಟ್ ಹತ್ತುತ್ತಿರಲಿಲ್ಲ. ಚೀಲದಲ್ಲಿ ಬಿಳಿ ಟೇಪಿನ ಸುರುಳಿ ಸದಾ ಇರುತ್ತಿತ್ತು. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ದುಂಡು ಅಕ್ಷರದಲ್ಲಿ ಬರೆದು ಅಂಟಿಸುತ್ತಿದ್ದರು. ಚೀಟಿಯಿಲ್ಲದ ಕೇಬಲ್ ಮುಟ್ಟಬಾರದು ಎಂಬುದು ನನಗೆ ಹಾಕಿದ್ದ ಒಂದೇ ಕಟ್ಟಳೆ.

ಅದನ್ನೇ ನಾನು ಮುರಿದೆ.

ಅಲ್ಲಿ ಸೇರಿ ಎಂಟು ತಿಂಗಳಾಗಿತ್ತು. ಅವತ್ತು ಬೆಳಿಗ್ಗೆ ಎರಡನೇ ಮಹಡಿಯ ಹೆರಿಗೆ ವಾರ್ಡಿನಲ್ಲಿ, ದಾದಿಯರ ಮೇಜಿನ ಪ್ರಿಂಟರ್ ಸರಿಮಾಡಲು ಹೋಗಿದ್ದೆ. ಕೆಲಸ ಮುಗಿಯಿತು. ಎದ್ದೇಳುವಾಗ ಮೇಜಿನ ಕೆಳಗಿದ್ದ ಪುಟ್ಟ ಸ್ವಿಚ್ಚಿನ ಪಕ್ಕ ಒಂದು ಕೇಬಲ್ಲಿನ ತುದಿ ಜೋತಾಡುತ್ತಿರುವುದು ಕಂಡಿತು. ಚೀಟಿ ಇರಲಿಲ್ಲ. ನೆಲ ಒರೆಸುವಾಗ ಕಳಚಿಬಿದ್ದಿರಬೇಕು ಎಂದುಕೊಂಡು ಆ ಸ್ವಿಚ್ಚಿನ ಖಾಲಿ ಕಿಂಡಿಗೆ ಒತ್ತಿ, ಟಕ್ಕೆಂದು ಸದ್ದಾದ ಮೇಲೆ ಕೆಳಗಿಳಿದುಬಂದೆ.

ನಾನು ನೆಲ ಅಂತಸ್ತು ಮುಟ್ಟುವಷ್ಟರಲ್ಲಿ ರಿಸೆಪ್ಷನ್ನಿನಲ್ಲಿ ಗಲಾಟೆ ಎದ್ದಿತ್ತು. ಸ್ಕ್ರೀನುಗಳು ಇದ್ದಲ್ಲೇ ನಿಂತಿದ್ದವು. ಫಾರ್ಮಸಿ ನಿಂತಿತ್ತು. ಲ್ಯಾಬ್ ನಿಂತಿತ್ತು. ಮೇಜಿನ ಮೇಲಿನ ಫೋನುಗಳೂ ಅದೇ ಕೇಬಲ್ಲುಗಳ ಮೇಲೆ ಓಡುತ್ತಿದ್ದುದರಿಂದ ಅವೂ ಮೂಕವಾಗಿದ್ದವು. ನೆಟ್‌ವರ್ಕ್ ರೂಮಿನ ಬಾಗಿಲು ತೆರೆದರೆ, ಕಪಾಟಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದಂತೆ ಮಿಣುಕುತ್ತಿದ್ದವು. ಬೇರೆ ದಿನ ಅವು ಒಂದೊಂದು ಒಂದೊಂದು ಲಯದಲ್ಲಿ ಮಿನುಗುತ್ತವೆ. ಅವತ್ತು ಎಲ್ಲಕ್ಕೂ ಒಂದೇ ನಡುಕ.

ಮೇಡಂ ಒಮ್ಮೆ ನೋಡಿದರು. "ಲೂಪ್" ಎಂದರು. "ಎಲ್ಲೋ ಯಾರೋ ಒಂದು ಕೇಬಲ್ಲನ್ನ ಸುತ್ತು ಹಾಕಿಸಿ ವಾಪಸ್ ಅಲ್ಲಿಗೇ ಚುಚ್ಚಿದಾರೆ."

ಬೆಳಿಗ್ಗೆ ನಾನು ಚುಚ್ಚಿದ ಕೇಬಲ್ ಕಣ್ಮುಂದೆ ಬಂತು. ಆದರೂ ನಾನು ಬಾಯಿಬಿಡಲಿಲ್ಲ. ಅದೇ ಇರಲಾರದು, ಬೇರೆ ಏನೋ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಹೆರಿಗೆ ವಾರ್ಡಿನ ಹಿರಿಯ ದಾದಿ ಮೆಟ್ಟಿಲು ಇಳಿದು ಓಡಿಬಂದರು. ಕೈಯಲ್ಲಿ ರೋಗಿಯ ನಂಬರ್ ಬರೆದ ಚೀಟಿ. "ಮೇಡಂ, ಹೆರಿಗೆ ಆದವ್ರಿಗೆ ಬ್ಲೀಡಿಂಗ್ ನಿಲ್ತಿಲ್ಲ. ರಕ್ತ ಬೇಕು. ಸಿಸ್ಟಮಲ್ಲಿ ರಿಕ್ವೆಸ್ಟ್ ಹೋಗ್ತಿಲ್ಲ, ಬ್ಲಡ್ ಬ್ಯಾಂಕಿಗೆ ಫೋನೂ ಇಲ್ಲ." ಬ್ಲಡ್ ಬ್ಯಾಂಕ್ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ.

ಮೇಡಂ ಸ್ವಿಚ್ಚಿನ ಮೇಲಿಟ್ಟ ಕೈ ತೆಗೆದರು. "ಇದು ಆಮೇಲೆ. ಸಿಸ್ಟರ್, ನೀವು ಪೇಷೆಂಟ್ ಹತ್ರ ಹೋಗಿ. ಹೋಗೋ ಮುಂಚೆ ಆ ನಂಬರ್ ಬಾಯಲ್ಲಿ ಹೇಳಿ, ಇವಳು ಕೇಳಿಸ್ಕೊಳ್ಳಲಿ." ದಾದಿ ಓದಿ ಚೀಟಿಯನ್ನು ನನ್ನ ಕೈಗಿಟ್ಟರು. ನಾನು ಅದನ್ನೇ ಮತ್ತೆ ಹೇಳಿದೆ. ಮೇಡಂ ನನ್ನತ್ತ ತಿರುಗಿದರು. "ಬ್ಲಡ್ ಬ್ಯಾಂಕಿಗೆ ಓಡು. ಬರೀ ಚೀಟಿ ಕೊಟ್ಟು ಬರ್ಬೇಡ. ಅವರ ಬಾಯಿಂದ ನಂಬರ್ ಹೇಳಿಸು. ಸರಿ ಇದ್ರೆ ಮಾತ್ರ ಕಾಲು ಕೀಳು."

ನೆಲಮಾಳಿಗೆಯ ಟೆಕ್ನಿಷಿಯನ್ ಚೀಟಿ ತೆಗೆದುಕೊಂಡು ಆಗಲೇ ಫ್ರಿಜ್ಜಿನತ್ತ ತಿರುಗಿದ್ದ. "ಅಣ್ಣಾ, ನಂಬರ್ ಓದಿ ಹೇಳ್ರಿ" ಎಂದೆ. ಓದಿದ. ಕೊನೆಯ ಅಂಕಿ ಏಳು ಎಂದ.

"ಏಳಲ್ರಿ, ಒಂದು!"

ಅವಸರದಲ್ಲಿ ಬರೆದ ಒಂದರ ತಲೆ ಉದ್ದವಾಗಿ ಏಳಿನಂತೆ ಕಾಣುತ್ತಿತ್ತು. ಅವನು ಮುಖ ಒರೆಸಿಕೊಂಡು, ಆ ನಂಬರಿನ ರೋಗಿಗೆಂದು ಹೊಂದಿಸಿಟ್ಟಿದ್ದ ಬೇರೆ ತಟ್ಟೆ ಎಳೆದ. ಏರಿಸುವ ಮೊದಲು ಹಾಸಿಗೆಯ ಪಕ್ಕ ಇನ್ನೊಮ್ಮೆ ತಾಳೆ ನೋಡುತ್ತಾರೆ, ತಪ್ಪು ರಕ್ತ ಏರುತ್ತಿರಲಿಲ್ಲವೇನೋ. ಆದರೆ ಕೆಳಗೆ ಬಂದು ಬದಲಾಯಿಸಿಕೊಂಡು ಹೋಗುವಷ್ಟು ಹೊತ್ತು ಆ ಹೆಂಗಸಿಗೆ ಇತ್ತೆ?

ತಣ್ಣನೆಯ ಚೀಲಗಳಿದ್ದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಎರಡನೇ ಮಹಡಿಗೆ ಹತ್ತಿದೆ. ವಾರ್ಡಿನ ಬಾಗಿಲಲ್ಲಿ ದಾದಿ ಪೆಟ್ಟಿಗೆ ಕಿತ್ತುಕೊಂಡು ಒಳಗೆ ಹೋದರು. ಬಾಗಿಲ ಸಂದಿಯಿಂದ ನೆಲದ ಮೇಲೆ ಬಿದ್ದಿದ್ದ ಬಟ್ಟೆಗಳು ಕಂಡವು. ಬಿಳಿ ಅಂತ ಹೇಳುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಹೊರಗೆ ಒಬ್ಬ ಮುದುಕಿ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬಂದವರೆಲ್ಲರ ಮುಖವನ್ನು ನೋಡುತ್ತಿದ್ದಳು. ನನ್ನ ಮುಖವನ್ನೂ ನೋಡಿದಳು.

ಮೆಟ್ಟಿಲ ಹತ್ತಿರ ಬಂದರೆ ಮೇಡಂ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬರುತ್ತಿದ್ದರು. ಕೆಳಗೆ ಮಹಡಿಗಳ ಮುಖ್ಯ ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ನೋಡಿದ್ದರು. ಎರಡನೇ ಮಹಡಿಯದನ್ನು ಕಿತ್ತ ತಕ್ಷಣ ಉಳಿದ ದೀಪಗಳು ಶಾಂತವಾಗಿದ್ದವು. ಉಳಿದೆಡೆ ಕೆಲಸ ಶುರುವಾಗಿತ್ತು. ಆದರೆ ಎರಡನೇ ಮಹಡಿ ಈಗ ಪೂರ್ತಿ ಹೊರಗಿತ್ತು. ವಾರ್ಡಿನೊಳಗೆ ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತಿದ್ದ ಡಾಕ್ಟರಿಗೆ ಏನೂ ಕಾಣುತ್ತಿರಲಿಲ್ಲ. "ಈ ಮಹಡೀಲಿ ಮೂವತ್ತೆಂಟು ಕಡೆ ಕೇಬಲ್ ಇದೆ" ಎಂದರು ಮೇಡಂ. ಕಾರಿಡಾರಿನ ಉದ್ದಕ್ಕೂ ನೋಡಿದರು. ಯಾವ ಕಡೆಗೂ ಹೆಜ್ಜೆ ಇಡಲಿಲ್ಲ.

ಈಗ ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತು.

"ಮೇಡಂ, ನಾನ್ರೀ. ನಾನೇ ಹಾಕೀನ್ರಿ. ಮುಂಜಾನೆ. ಚೀಟಿ ಇರ್ಲಿಲ್ರಿ ಅದಕ್ಕ."

ಬೈಗುಳಕ್ಕೆ ಕಾದು ನಿಂತೆ. ಅವರು ಕೇಳಿದ್ದು ಒಂದೇ ಮಾತು.

"ಯಾವ ಮೇಜು?"

ತೋರಿಸಿದೆ. ಐವತ್ತೈದರ ಮೇಲಿನ ಆ ಹೆಂಗಸು ಸೀರೆಯ ನೆರಿಗೆ ಒಟ್ಟುಮಾಡಿ ಹಿಡಿದು ನೆಲಕ್ಕೆ ಕುಳಿತು, ಮೇಜಿನ ಕೆಳಗೆ ತೂರಿದರು. ಕೇಬಲ್ ಟಕ್ಕೆಂದು ಕಿತ್ತುಬಂತು. ಎದ್ದವರೇ ಕೆಳಗೆ ಕಪಾಟಿನ ಹತ್ತಿರ ನಿಲ್ಲಿಸಿ ಬಂದಿದ್ದ ಆಸ್ಪತ್ರೆಯ ಎಲೆಕ್ಟ್ರಿಷಿಯನ್ನಿಗೆ ಮೊಬೈಲಿನಲ್ಲಿ, "ಎರಡನೇ ಮಹಡೀದು ಹಾಕು" ಎಂದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ದಾದಿಯರ ಸ್ಕ್ರೀನಿನಲ್ಲಿ ಸಾಲುಗಳು ಒಂದೊಂದಾಗಿ ಮೂಡಿದವು. ಯಾರೋ ಒಳಗಿನಿಂದ "ರಿಪೋರ್ಟ್ ಬಂತು!" ಎಂದು ಕೂಗಿದರು.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕುಳಿತಿದ್ದ ನನಗೆ ಅವರು ಪಾಠವನ್ನೇ ಹೇಳಿದರು. "ಮೆಷೀನುಗಳು ಆಗಾಗ 'ಈ ನಂಬರ್ ಯಾರದು?' ಅಂತ ಎಲ್ಲರನ್ನೂ ಕೇಳ್ತವೆ. ಸ್ವಿಚ್ಚು ಆ ಪ್ರಶ್ನೇನ ಬಂದ ಕಿಂಡಿ ಬಿಟ್ಟು ಉಳಿದ ಎಲ್ಲಾ ಕಿಂಡಿಗೂ ಕಳಿಸುತ್ತೆ. ನೀನು ಹಾಕಿದ ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್ಚಲ್ಲಿ. ಕಳಿಸಿದ್ದು ವಾಪಸ್ ಬಂತು, ಮತ್ತೆ ಎಲ್ಲರಿಗೂ ಕಳಿಸ್ತು, ಮತ್ತೆ ಬಂತು. ಮೇಲಿನ ಪದರದಲ್ಲಿ ಒಂದೊಂದು ತುಂಡಿಗೂ ಆಯಸ್ಸು ಅಂತ ಇರುತ್ತೆ, ಇಷ್ಟು ಕಡೆ ದಾಟಿದ್ರೆ ಸಾಯುತ್ತೆ. ಈ ಪದರದಲ್ಲಿ ಅದಿಲ್ಲ. ಒಂದು ಪ್ರಶ್ನೆ ಸಾಯದೇ ಲಕ್ಷ ಆಯ್ತು. ನಿಜವಾದ ಮಾತಿಗೆ ಜಾಗ ಇರ್ಲಿಲ್ಲ. ಅಷ್ಟೇ ನಡೆದದ್ದು. ಈಗ ಊಟ ಮಾಡು."

ಮೂರನೇ ದಿನ ವಿಚಾರಣೆ. ಆಡಳಿತಾಧಿಕಾರಿ ಮೇಜಿನಾಚೆ ಕುಳಿತಿದ್ದರು. ನಾವಿಬ್ಬರೂ ನಿಂತಿದ್ದೆವು. ನನ್ನ ಕೆಲಸ ಹೋಯಿತೆಂದು ಮನೆಯಲ್ಲಿ ಆಗಲೇ ಹೇಳಿ ಬಂದಿದ್ದೆ.

"ಕೇಬಲ್ ಹಾಕಿದ್ದು ಯಾರು?"

"ಇವಳು" ಎಂದರು ಮೇಡಂ. ಅವರು ನಿಲ್ಲಿಸಲಿಲ್ಲ. "ಕೇಬಲ್ ತಪ್ಪಾಗಿ ಹಾಕಿದ್ರೂ ಆಸ್ಪತ್ರೆ ನಿಲ್ಲದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ ಸಾರ್. ಒಳ್ಳೇ ಸ್ವಿಚ್ಚುಗಳು ಸುತ್ತು ಕಂಡ್ರೆ ತಾವೇ ಕಿಂಡಿ ಮುಚ್ತವೆ. ಅಲ್ಲಿದ್ದ ಪುಟ್ಟದಕ್ಕೆ ಆ ಬುದ್ಧಿ ಇಲ್ಲ. ಎರಡು ದಿನಕ್ಕೆ ಅಂತ ಅದನ್ನ ಅಲ್ಲಿಟ್ಟವಳು ನಾನು. ಎರಡು ವರ್ಷ ಆಯ್ತು, ತೆಗೀಲಿಲ್ಲ. ಆ ಕೇಬಲ್ಲಿಗೆ ಚೀಟಿ ಅಂಟಿಸದೇ ಇದ್ದವಳೂ ನಾನೇ."

"ಅಂದ್ರೆ ನಿಮ್ಮ ತಪ್ಪು ಅಂತ ಬರ್ಕೊಡ್ತೀರಾ?"

"ನಡೆದದ್ದು ನಡೆದ ಹಾಗೆ ಬರ್ಕೊಡ್ತೀನಿ."

ಬರೆದುಕೊಟ್ಟರು. ಮೂರು ತಿಂಗಳ ಮೇಲೆ ಅವರ ಗುತ್ತಿಗೆ ಮುಗಿಯಿತು, ಆಸ್ಪತ್ರೆ ಮುಂದುವರಿಸಲಿಲ್ಲ. ಆ ಮೂರು ತಿಂಗಳಲ್ಲಿ ಅವರು ನನ್ನನ್ನು ಒಂದು ದಿನವೂ ಸುಮ್ಮನೆ ಕೂರಲು ಬಿಡಲಿಲ್ಲ. ತಮಗೆ ಗೊತ್ತಿದ್ದನ್ನೆಲ್ಲ ನನ್ನ ಕೈಯಿಂದಲೇ ಮಾಡಿಸಿದರು. ಪ್ರತಿ ಮಹಡಿಗೂ ಸರಿಯಾದ ಸ್ವಿಚ್ಚು ಹಾಕಿಸಿ, ಬೇಕೆಂದೇ ಸುತ್ತು ಕೇಬಲ್ ಚುಚ್ಚಿ, ಕಿಂಡಿ ಮುಚ್ಚುವುದನ್ನು ನನಗೆ ತೋರಿಸಿದರು. ಇನ್‌ಚಾರ್ಜ್ ಕುರ್ಚಿಗೆ ಹೊರಗಿನವರು ಯಾರೂ ಬೇಡ, ಇವಳಿದ್ದಾಳೆ ಎಂದು ಅವರೇ ಬರೆದಿಟ್ಟು ಹೋಗಿದ್ದರೆಂದು ತಿಳಿದದ್ದು ಅವರು ಹೋದ ಮೇಲೆ.

ರಕ್ತ ಪಡೆದ ಹೆಂಗಸು ಒಂಬತ್ತನೇ ದಿನ ಮನೆಗೆ ಹೋದಳು. ಸುಂಕದಕಟ್ಟೆಯವರಂತೆ. ಗೇಟಿನ ಬಳಿ ಆಟೋ ಹತ್ತುವಾಗ ಮುದುಕಿಯ ಕೈಯಲ್ಲಿದ್ದ ಮಗು ಕಿರುಚಿ ಅಳುತ್ತಿತ್ತು. ನಾನು ದೂರದಲ್ಲಿ ನಿಂತು ನೋಡಿದೆ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಕೆಂಗೇರಿಯ ತಮ್ಮ ಮನೆಗೆ ಬಾ ಎನ್ನುತ್ತಿದ್ದರು. ಬರ್ತೀನ್ರಿ ಎನ್ನುತ್ತಿದ್ದೆ. ಹೋಗಲಿಲ್ಲ. ಹೋದದ್ದು ಕಳೆದ ವರ್ಷ, ಹೃದಯಾಘಾತದಿಂದ ಅವರು ತೀರಿಕೊಂಡ ನಾಲ್ಕನೇ ದಿನ.

ಅವರ ಯಜಮಾನರು ನನ್ನನ್ನು ಮೊದಲ ಸಲ ನೋಡುತ್ತಿದ್ದರು. ಆಸ್ಪತ್ರೆಯ ಹೆಸರು ಹೇಳಿದೆ. "ಓ, ಗದಗದ ಹುಡುಗಿ" ಎಂದು ಒಳಗೆ ಕರೆದು ಕೂರಿಸಿದರು. ಆಸ್ಪತ್ರೆ ನಿಂತುಹೋದ ದಿನ ಮೇಡಂ ಎಷ್ಟು ಗಟ್ಟಿಯಾಗಿದ್ದರು, ಒಂದಿಷ್ಟೂ ಅಳುಕಿರಲಿಲ್ಲ ಎಂದು ನಾನು ಹೇಳತೊಡಗಿದೆ. ಅವರು ತಲೆಯಾಡಿಸಿದರು.

"ಅಯ್ಯೋ, ಇಲ್ಲಮ್ಮ. ಅವತ್ತು ಮನೆಗೆ ಬಂದವಳೇ ಬಾಗಿಲು ಹಾಕ್ಕೊಂಡು ಅತ್ತಳು. ಮೆಟ್ಟಿಲ ಹತ್ರ ನಿಂತಾಗ ಕಣ್ಣು ಕತ್ತಲೆ ಬಂದಿತ್ತಂತೆ, ಮುಂದೇನು ಅಂತ ಹೊಳೀಲೇ ಇಲ್ಲವಂತೆ. 'ಆ ಹುಡುಗಿ ಬಾಯಿಬಿಟ್ಟಿದ್ದಕ್ಕೆ ಬಚಾವಾದೆ' ಅಂದ್ಲು. 'ನಾನು ಎಕ್ಸ್‌ಚೇಂಜಲ್ಲಿದ್ದಾಗ ಹಿಂಗೇ ಒಂದು ತಪ್ಪು ಮಾಡಿದ್ದೆ, ಹೇಳಿರ್ಲಿಲ್ಲ, ಬೇರೆಯವ್ರ ತಲೆಗೆ ಬಂತು' ಅಂದ್ಲು. ಮೂವತ್ತು ವರ್ಷ ಜೊತೇಲಿದ್ದೆ, ನನಗೂ ಅವತ್ತೇ ಗೊತ್ತಾಗಿದ್ದು."

ಅವರು ಕಾಫಿ ತರಲು ಎದ್ದು ಒಳಗೆ ಹೋದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.