ನೋಫೆಲ್ ಕುಡಿದ ಗಾಳಿ

ಹೆಂಡತಿಯ ಅಣ್ಣ ಹೆಂಕಿ ತನ್ನ ಕೋಲು ಕಿತ್ತದ್ದನ್ನು ನೋಫೆಲ್ ತಾತುಹೆ ಇವತ್ತಿಗೂ ಮರೆತಿಲ್ಲ. ಮರೆಯುವುದಾದರೂ ಹೇಗೆ? ಲೆಂಬೆಯ ಕಡಲಲ್ಲಿ ಪ್ರವಾಸಿಗರನ್ನು ನೀರಿಗಿಳಿಸಿ, ಸಣ್ಣ ಜೀವಿಗಳನ್ನು ತೋರಿಸಿ ಹೊಟ್ಟೆ ಹೊರೆಯುವವರಿಗೆ ಇರುವುದು ಅದೊಂದೇ ಕಟ್ಟಳೆ. ಕಪ್ಪು ಮರಳಲ್ಲಿ ಏನಾದರೂ ಸಿಕ್ಕರೆ ಪಕ್ಕದಲ್ಲಿ ನಿನ್ನ ಕೋಲು ನೆಡು. ನಿನ್ನವರು ನೋಡಿ ಮುಗಿಸುವ ತನಕ ಬೇರೆಯವರು ಅತ್ತ ಸುಳಿಯಕೂಡದು. ಅವತ್ತು ನೋಫೆಲ್ ಹೆಬ್ಬೆರಳ ಗಾತ್ರದ, ಮೈತುಂಬ ರೋಮದ ಅಪರೂಪದ ಆಕ್ಟೋಪಸ್ ಹುಡುಕಿ, ಕೋಲು ನೆಟ್ಟು, ತನ್ನವರನ್ನು ಕರೆತರಲು ಹೋದ. ಬರುವಷ್ಟರಲ್ಲಿ ಕೋಲು ಮಾರುದೂರ ಬಿದ್ದಿತ್ತು. ಹೆಂಕಿಯ ಗಿರಾಕಿಗಳ ಕ್ಯಾಮೆರಾ ಬೆಳಕಿಗೆ ಹೆದರಿ ಆಕ್ಟೋಪಸ್ ಮಾಯವಾಗಿತ್ತು.

"ನೀರಿನ ಸೆಳೆತಕ್ಕೆ ಬಿದ್ದಿರ್ಬೇಕು ಮಾರಾಯ," ಎಂದ ಹೆಂಕಿ.

"ಸೆಳೆತಕ್ಕೆ ಯಾವಾಗಿಂದ ಕೈ ಬಂತು ಭಾವ?"

ಮರುದಿನ ಅತಿಥಿಗಳು ಇನ್ನೂ ತಿಂಡಿಗೆ ಕೂತಿದ್ದಾಗಲೇ ನೋಫೆಲ್ ಒಬ್ಬನೇ ನೀರಿಗಿಳಿದ. ಹೆಂಕಿಗಿಂತ ಮೊದಲು ಅದನ್ನು ಮತ್ತೆ ಹುಡುಕಬೇಕು, ಅಷ್ಟೇ. ಇಳಿಜಾರಿನ ತುಂಬ ಹುಲ್ಲಿನಂತೆ ತಲೆ ಎತ್ತಿ ನಿಲ್ಲುವ ಹಾವುಮೀನುಗಳು ಅವತ್ತು ಒಂದೂ ಇರಲಿಲ್ಲ, ಬರೀ ಬಿಲಗಳು. ನೀರು ತಣ್ಣಗೆ ಕೊರೆಯುತ್ತಿತ್ತು. ಎರಡೂ ಆಳಕ್ಕೆಳೆಯುವ ಸೆಳೆತದ ಮುನ್ಸೂಚನೆ. ಬೇರೆ ದಿನವಾಗಿದ್ದರೆ ಅವನು ಆಗಲೇ ಮೇಲೆ ಬಂದುಬಿಡುತ್ತಿದ್ದ. ಸಿಟ್ಟು ಬಿಡಲಿಲ್ಲ. ಕೆಳಗೆ, ಇನ್ನೂ ಕೆಳಗೆ ಹುಡುಕಿದ. ಆಗ ಮರಳು ಸದ್ದಿಲ್ಲದೆ ಜಾರತೊಡಗಿತು. ಅದರ ಬೆನ್ನಿಗೇ ನೀರೂ. ಕಾಲು ಬಡಿದಷ್ಟೂ ಆಳಕ್ಕೇ ಎಳೆಯಿತು. ಕೊನೆಗೆ ಎಷ್ಟು ಹೀರಿದರೂ ಸಿಲಿಂಡರಿನಿಂದ ಗಾಳಿ ಬರಲಿಲ್ಲ.

ಅವನ ಉಸಿರಿನ ಗುಳ್ಳೆಗಳು ಆಳದ ಕಡೆ ಸರಿಯುವುದನ್ನು ದೋಣಿಯಿಂದ ಕಂಡವನು ಹೆಂಕಿಯೇ. ಧುಮುಕಿ ಬಂದು, ತನ್ನ ಸಿಲಿಂಡರಿನ ಎರಡನೇ ಉಸಿರುಕೊಳವೆಯನ್ನು ನೋಫೆಲನ ಬಾಯಿಗೆ ತುರುಕಿ, ಹೆಗಲಪಟ್ಟಿ ಹಿಡಿದು ಮೇಲಕ್ಕೆಳೆದ. ನಡುವೆ ನಿಂತು ನಿಧಾನವಾಗಿ ಬರುವಷ್ಟು ಗಾಳಿ ಇಬ್ಬರಿಗೆ ಇರಲಿಲ್ಲ.

"ಕೋಲು ಕಿತ್ತೆ ಅಂತ ಊರೆಲ್ಲ ಡಂಗುರ ಹೊಡ್ದೆ. ನನ್ನ ಗಾಳಿ ಕುಡಿದದ್ದನ್ನೂ ಹೊಡಿ ನೋಡಣ!" ದೋಣಿಯಲ್ಲಿ ಹೆಂಕಿ ಕೆಮ್ಮುತ್ತಲೇ ನಕ್ಕ.

"ಮೊದ್ಲು ಕಿತ್ತೆ ಅಂತ ಒಪ್ಕೋ."

"ಥೂ, ಸತ್ತು ಬದುಕಿದ್ರೂ ನಿಂದು ಅದೇ ರಾಗ!"

ಹಾಗೆಂದು ಎದ್ದ ಹೆಂಕಿಗೆ ಕಾಲು ನಿಲ್ಲಲಿಲ್ಲ. ಸರ್ರನೆ ಮೇಲೆ ಬಂದದ್ದಕ್ಕೆ ರಕ್ತದಲ್ಲಿ ಗುಳ್ಳೆ ಎದ್ದಿದೆ ಎಂದರು ಆಸ್ಪತ್ರೆಯಲ್ಲಿ. ನೋಫೆಲನಿಗೆ ಒಂದು ಕಿವಿ ಮಂದವಾಯಿತು, ಅಷ್ಟೇ. ಹೆಂಕಿ ಮತ್ತೆ ನಡೆಯಲಿಲ್ಲ.

ಈಗಲೂ ಒಳ್ಳೆಯ ಮೀನು ಸಿಕ್ಕಿದರೆ ನೋಫೆಲ್ ಹೆಂಕಿಯ ಮನೆಗೆ ಒಯ್ಯುತ್ತಾನೆ.

"ನಿನ್ನ ಮೀನು ಯಾರಿಗೆ ಬೇಕಿತ್ತೋ? ಬದುಕಿಸಿದೆ ಭಾವ ಅನ್ನೋಕೆ ಬಾಯಿ ಬಿದ್ಹೋಗಿದ್ಯಾ?" ಎನ್ನುತ್ತಾನೆ ಹೆಂಕಿ ಮಲಗಿದಲ್ಲಿಂದಲೇ.

ನೋಫೆಲ್ ಮೀನನ್ನು ಕಟ್ಟೆಯ ಮೇಲಿಟ್ಟು ಹೊರಡುತ್ತಾನೆ. ಹೆಂಕಿ ಗೋಡೆಗೆ ಮುಖ ತಿರುಗಿಸುತ್ತಾನೆ. ಬಿಸಿಲೇರಿದಂತೆ ಮೀನಿಗೆ ನೊಣ ಮುತ್ತುತ್ತದೆ.